ಅತ್ತಿಗೆಯ ಬಯೋಡೇಟಾ

"ಮುಂದೆ ಹೇಳಿ. ಅನುಭವ?" ಅಂತ ಮೇಷ್ಟ್ರು ಕೇಳಿದರು. ಜೆರಾಕ್ಸ್ ಅಂಗಡಿಯ ಸ್ಟೂಲಿನ ತುದಿಯಲ್ಲಿ ಕೂತಿದ್ದ ಅತ್ತಿಗೆ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು.

"ಏನೂ ಇಲ್ಲ ಮೇಷ್ಟ್ರೇ. ಮನೇಲಿದ್ದೆ."

ಇಡೀ ಬೀದಿಗೆ ಅವಳು ಅತ್ತಿಗೆ. ನಾದಿನಿ ಹಾಗೆ ಕರೆಯುತ್ತಿದ್ದಳು, ಅದನ್ನು ಕೇಳಿ ಕೇಳಿ ಎದುರುಮನೆಯವರು, ಹಾಲಿನವನು, ಔಷಧಿ ಅಂಗಡಿಯವನು ಎಲ್ಲರೂ ಅದನ್ನೇ ಹಿಡಿದುಕೊಂಡರು. ಗಂಡ ಲಾರಿ ಮೆಕ್ಯಾನಿಕ್ ಆಗಿದ್ದ. ಮದುವೆಯ ಬಟ್ಟೆ ಹಳೆಯದಾಗುವ ಮೊದಲೇ ಕಾಮಾಲೆ ಬಂದು ಹೋಗಿಬಿಟ್ಟ. ಮಕ್ಕಳಿಲ್ಲ. ಉಳಿದವರು ಅತ್ತೆ ಸೊಸೆ ಇಬ್ಬರೇ. ಅವಳು ಹೊಲಿಗೆ ಹೊಲಿದು ಹೇಗೋ ಸಂಸಾರ ತೂಗಿಸುತ್ತಿದ್ದಾಗ ಒಂದು ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ಬಿದ್ದಳು. ಲಕ್ವ. ಹಾಗೆ ಮಲಗಿದವಳು ಹನ್ನೊಂದು ವರ್ಷ ಮಲಗಿದಳು. ಹನ್ನೊಂದು ವರ್ಷ ಅಂದರೆ ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ ಸ್ವಾಮಿ, ಮಾಡಿದವರಿಗೇ ಗೊತ್ತು. ಆದರೆ ಮಾಡಿದವಳ ಬಾಯಲ್ಲೇ ಈಗ "ಏನೂ ಇಲ್ಲ" ಅನ್ನುವ ಮಾತು ಬಂದಿತ್ತು. ನನಗೆ ಸಿಟ್ಟು ಬರುವುದು ಇಂಥದ್ದಕ್ಕೇ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಒಂದು ಕಾಲಕ್ಕೆ ಟೈಪಿಂಗ್ ಕಲಿಸುತ್ತಿದ್ದರು. ಕಂಪ್ಯೂಟರ್ ಬಂದು ಆ ಹೊಟ್ಟೆಪಾಡು ಹೋಯಿತು. ಈಗ ಒಂದು ಜೆರಾಕ್ಸ್ ಮಷೀನು, ಒಂದು ಕಂಪ್ಯೂಟರು, ಮೇಲೆ ಸದ್ದು ಮಾಡುವ ಫ್ಯಾನು ಇಟ್ಟುಕೊಂಡು ಕೆಲಸ ಹುಡುಕುವವರಿಗೆಲ್ಲ ಬಯೋಡೇಟಾ ಮಾಡಿಕೊಡುತ್ತಾರೆ. ನಾಲಿಗೆ ಸ್ವಲ್ಪ ಹರಿತ. ಅವರ ಕೈಯಲ್ಲಿ ಹಾಳೆ ಮಾಡಿಸಿದ ಎಷ್ಟೋ ಜನ ಇವತ್ತು ಒಳ್ಳೆಯ ಕಡೆ ಇದ್ದಾರೆ, ದಾರಿಯಲ್ಲಿ ಸಿಕ್ಕರೆ ಗುರುತು ಹಿಡಿಯುವುದಿಲ್ಲ.

"ಮನೇಲಿದ್ದೆ ಅಂದ್ರೆ? ಕಾಲು ಚಾಚಿ ಮಲಗಿದ್ರಾ?"

"ನಾನೆಲ್ಲಿ ಮಲಗೋದು ಮೇಷ್ಟ್ರೇ. ಮಲಗಿದ್ದೋರು ಅತ್ತೆ."

"ಮತ್ತೆ ಅದನ್ನ ಹೇಳಿ ಅಂತಾನೇ ನಾನು ಬಡ್ಕೋತಿರೋದು! ಬೆಳಿಗ್ಗೆ ಎದ್ದು ಏನು ಮಾಡ್ತಿದ್ರಿ? ಒಂದೊಂದೇ ಹೇಳಿ."

ಅವಳು ಹೇಳಿದಳು. ಮೊದಲು ಪಕ್ಕ ಬದಲಿಸಬೇಕು. ಬೆನ್ನು, ಸೊಂಟ, ಹಿಮ್ಮಡಿ ಕೆಂಪಾಗಿದೆಯಾ ನೋಡಬೇಕು, ಕೆಂಪಾದರೆ ಆ ಕಡೆ ಭಾರ ಬೀಳದ ಹಾಗೆ ದಿಂಬು ಕೊಡಬೇಕು. ಮೂತ್ರದ ಚೀಲ ಖಾಲಿ ಮಾಡಬೇಕು, ಬಣ್ಣ ನೋಡಬೇಕು. ಮೂಗಿನ ನಳಿಕೆಯಲ್ಲಿ ಊಟ ಬಿಡುವ ಮೊದಲು ತಲೆ ಎತ್ತರಿಸಬೇಕು, ಇಲ್ಲದಿದ್ದರೆ ಅದು ಎದೆಗೆ ಹೋಗುತ್ತದೆ. ಬಾಯಿ ಒರೆಸಬೇಕು, ಇನ್ಸುಲಿನ್ ಚುಚ್ಚಬೇಕು, ಬೆರಳುಗಳನ್ನು ಬಿಡಿಸಿ ನೀವಬೇಕು. ಮಲಬದ್ಧತೆಯಾದರೆ... ಅಲ್ಲಿಗೆ ಬಂದು ಅವಳು ನಿಲ್ಲಿಸಿದಳು. ಮೇಷ್ಟ್ರು ಟೈಪ್ ಮಾಡುವುದನ್ನು ಯಾವಾಗಲೋ ಬಿಟ್ಟಿದ್ದರು.

"ಇಷ್ಟೆಲ್ಲ ಇಟ್ಕೊಂಡು ಏನೂ ಇಲ್ಲ ಅಂತೀರಲ್ರೀ" ಅಂತ ಬೈದರು. "ಹೇಳಿ, ಕೆಲಸ ಕೊಟ್ಟವರು ಯಾರು ಅಂತ ಹಾಕೋಣ?"

"ಅತ್ತೆ."

"ಕೆಲಸ ಬಿಟ್ಟ ಕಾರಣ?"

"ಅವರು ತೀರ್ಕೊಂಡ್ರಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಹಾಗೇ ಬರೆದ್ರೆ ರೋಗಿನ ನೀವೇ ಮುಗಿಸಿ ಎದ್ದು ಬಂದ ಹಾಗಿರುತ್ತೆ ಕಣಮ್ಮ. ಅದನ್ನ ನಾನು ಬೇರೆ ಥರ ಹಾಕ್ತೀನಿ."

ಅತ್ತಿಗೆಗೆ ನಗು ಬಂತು. ಅತ್ತೆ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲಿರಬೇಕು.

ಅವಳಿಗೆ ಬಯೋಡೇಟಾ ಯಾಕೆ ಬೇಕಾಯಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಆ ಮನೆಯನ್ನು ಅತ್ತೆ ಗಟ್ಟಿಯಾಗಿದ್ದ ಕಾಲದಲ್ಲೇ ಮಗಳ ಹೆಸರಿಗೆ ಬರೆದಿಟ್ಟಿದ್ದಳು. ಅತ್ತೆ ಹೋದಳು, ಮಗಳು ಮನೆ ಮಾರಿದಳು. ತಪ್ಪೇನಿಲ್ಲ, ಅವಳ ಮನೆ ಅವಳು ಮಾರಿದಳು. "ನಮ್ಮ ಮನೇಲಿ ಇರೋದೇ ಎರಡು ರೂಮು ಅತ್ತಿಗೆ, ನಿಮಗೇ ಗೊತ್ತಲ್ಲ" ಅಂದಳು. ಅತ್ತಿಗೆ ಗೊತ್ತು ಅಂದಳು. ಮನೆ ಕೊಂಡವನು ತಿಂಗಳ ಕೊನೆಯವರೆಗೂ ಇರಿ ಅಂದಿದ್ದ. ಆಮೇಲೆ ಎಲ್ಲಿ? ಹೊಲಿಗೆ ಮಷೀನು ಅತ್ತೆಯ ಔಷಧಿಗೆ ಹೋಗಿ ಬಹಳ ದಿನವಾಗಿತ್ತು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಅಷ್ಟರಲ್ಲಿ ಹಾಲಿನವನು ಒಂದು ಸುದ್ದಿ ತಂದ: ಊರ ಹೊರಗಿನ ವೃದ್ಧರ ಹೋಮಿನಲ್ಲಿ ಮಲಗಿದವರನ್ನು ನೋಡಿಕೊಳ್ಳಲು ಹೆಂಗಸು ಬೇಕಂತೆ. ಸಂಬಳ, ಊಟ, ಅಲ್ಲೇ ಇರಲು ಒಂದು ಕೋಣೆ. ಆ ಕೋಣೆ ಅನ್ನುವ ಮಾತು ಕೇಳಿ ಅವಳ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಹೋಮಿನವರು ಕೇಳಿದ್ದು ಒಂದೇ: ಒಂದು ಬಯೋಡೇಟಾ ತನ್ನಿ.

ಮೇಷ್ಟ್ರು ಆ ಹಾಳೆಗೆ ತಮ್ಮ ವಿದ್ಯೆಯನ್ನೆಲ್ಲ ಧಾರೆ ಎರೆದರು. ಒಂದೇ ಹಾಳೆ ಇರಬೇಕು, ಓದುವವರು ಟೀ ಲೋಟ ಕೆಳಗಿಡುವುದರೊಳಗೆ ಮುಗಿಯಬೇಕು. ಹವ್ಯಾಸ, ಅಪ್ಪನ ಹೆಸರು, ಅಜ್ಜನ ಊರು ಏನೂ ಬೇಡ. ಒಂದೊಂದು ಸಾಲಲ್ಲೂ ಒಂದೊಂದು ಕೆಲಸ ಕಾಣಬೇಕು. ಅತ್ತಿಗೆ ಮೆಲ್ಲಗೆ, "ಅತ್ತೆಯ ಸೇವೆ ಮಾಡಿದೆ ಅಂತ ಹಾಕಿದ್ರೆ ಸಾಕಲ್ವಾ?" ಅಂದಳು.

"ಸೇವೆ ಅಂತ ಬರೆದ್ರೆ ಕೈ ಮುಗಿದು ಕಳಿಸ್ತಾರೆ. ಸೇವೆಗೆ ಯಾರೂ ಸಂಬಳ ಕೊಡಲ್ಲ. ಕೆಲಸ ಅಂತ ಬರೀಬೇಕು."

ಕೊನೆಗೆ ಉಳಿದಿದ್ದು ಪರಿಚಯದವರ ಹೆಸರು. ಅವಳ ಕೆಲಸವನ್ನು ಕಣ್ಣಾರೆ ಕಂಡವರು ಯಾರಾದರೂ ಬೇಕು, ಹೋಮಿನವರು ಅವರಿಗೆ ಫೋನ್ ಮಾಡಿ ಕೇಳುತ್ತಾರೆ. ಅತ್ತಿಗೆ ಯೋಚಿಸಿದಳು. ಮನೆಗೆ ಬರುತ್ತಿದ್ದ ಡಾಕ್ಟರು ಅತ್ತೆಗಿಂತ ಮೊದಲೇ ತೀರಿಕೊಂಡಿದ್ದರು. ನೆಂಟರು ಕಿಟಕಿಯಿಂದ ಇಣುಕಿ ಹೋದವರು. ಬಾಗಿಲವರೆಗೆ ಬರುತ್ತಿದ್ದವಳು ನಾದಿನಿ ಒಬ್ಬಳೇ, ಅವಳೂ ಮೂಗಿಗೆ ಕರ್ಚೀಫು ಹಿಡಿದು ಹಣ್ಣಿನ ಚೀಲವನ್ನು ಹೊಸಿಲ ಹತ್ತಿರ ಇಟ್ಟು, "ಅಮ್ಮಾ, ಹೇಗಿದ್ದೀಯಾ" ಅಂತ ಅಲ್ಲಿಂದಲೇ ಕೂಗಿ ಹೋಗುತ್ತಿದ್ದವಳು.

"ಪುಟ್ಟಿ ನಂಬರು ಹಾಕಿ" ಅಂದಳು ಅತ್ತಿಗೆ. ನಾದಿನಿಗೆ ಐವತ್ತು ಹತ್ತಿರ ಬಂದಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. "ಆದ್ರೆ ಹೇಳದೆ ಕೇಳದೆ ಹಾಕಿದ್ರೆ ಚೆನ್ನಾಗಿರಲ್ಲ. ಒಂದ್ಸಲ ಹೋಗಿ ತೋರಿಸಿ ಬರ್ತೀನಿ."

"ಫೋನಲ್ಲಿ ಒಂದು ಮಾತು ಹೇಳಿ, ಸಾಕು. ಹಾಳೆ ಮಾತ್ರ ತೋರಿಸಬೇಡಿ. ಇದೇನು ಮದುವೆ ಕಾಗದ ಅಲ್ಲ, ಮನೆಮನೆಗೆ ಹಂಚೋಕೆ."

"ಅಯ್ಯೋ, ಅವಳೇನು ಹೊರಗಿನೋಳಾ ಮೇಷ್ಟ್ರೇ?"

ಆ ಮನೆಯಲ್ಲಿ ಸೊಸೆಯಾಗಿ ಬಂದವಳು ಒಂದು ಲೋಟ ತೆಗೆದಿಡಬೇಕಾದರೂ ಒಂದು ಮಾತು ಕೇಳಿ ಮಾಡಿದವಳು. ಕೇಳದೆ ಯಾರ ನಂಬರನ್ನೂ ಎಲ್ಲಿಯೂ ಹಾಕುವ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು? ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಹೊರಟಳು.

ನಾದಿನಿ ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಅವಳ ಗಂಡ ವಿಮೆ ಕಚೇರಿಯ ಕ್ಯಾಷಿಯರ್, ಆನೆಯಂಥ ಆಳು. ಕೆಲವು ವಾರಗಳ ಹಿಂದೆ ಕೌಂಟರಿನ ಮೇಲೇ ಕುಸಿದಿದ್ದ. ಬಲಗಡೆ ಪೂರ್ತಿ ಹೋಗಿತ್ತು, ಮಾತೂ ಹೋಗಿತ್ತು. ಡಾಕ್ಟರು ಇನ್ನು ಇಲ್ಲಿ ಮಾಡುವುದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು. ಮಗಳು ದೂರದಲ್ಲಿ ಗಂಡನ ಮನೆಯಲ್ಲಿದ್ದಳು, ಸಂಜೆಗೊಂದು ಫೋನ್ ಮಾಡುತ್ತಿದ್ದಳು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ನಾದಿನಿ ಕೂದಲು ಕೆದರಿಕೊಂಡು ಕೂತಿದ್ದಳು. ನೋಡಿದರೆ ಅಯ್ಯೋ ಅನಿಸುತ್ತಿತ್ತು, ಅತ್ತಿಗೆಗೆ ಅನಿಸಿತು ಕೂಡ.

ಅತ್ತಿಗೆ ಸಂಕೋಚದಿಂದಲೇ ವಿಷಯ ಹೇಳಿ ಹಾಳೆ ಕೊಟ್ಟಳು. ನಾದಿನಿ ಓದಿದಳು. ಓದುತ್ತಾ ಓದುತ್ತಾ ಬೆರಳು ಸಾಲಿನ ಮೇಲೆ ನಿಧಾನವಾಯಿತು. ಕೆಳಗಿನ ತುದಿಗೆ ಹೋಗಿ ಮತ್ತೆ ಮೇಲಿನಿಂದ ಶುರು ಮಾಡಿದಳು.

"ಪಕ್ಕ ಬದಲಿಸೋದು ರಾತ್ರಿನೂ ಮಾಡ್ಬೇಕಾ ಅತ್ತಿಗೆ?"

"ಮತ್ತೆ? ಇಲ್ಲಾಂದ್ರೆ ಹುಣ್ಣಾಗುತ್ತೆ."

"ಈ ನಳಿಕೇಲಿ ಊಟ... ನೀವೇ ಕೊಡ್ತಿದ್ರಾ? ನರ್ಸ್ ಬರ್ತಿರ್ಲಿಲ್ವಾ?"

"ಯಾವ ನರ್ಸು ಪುಟ್ಟೀ?"

ನಾದಿನಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಗಳಗಳ ಅತ್ತುಬಿಟ್ಟಳು. "ಅಮ್ಮಂಗೆ ನೀವು ಇಷ್ಟೆಲ್ಲ ಮಾಡಿದ್ರಾ? ನನಗೆ ಗೊತ್ತೇ ಇರ್ಲಿಲ್ಲ ಅತ್ತಿಗೆ, ದೇವರಾಣೆ ಗೊತ್ತಿರ್ಲಿಲ್ಲ" ಅಂತ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡಳು. ಅತ್ತಿಗೆಗೂ ಕಣ್ಣು ತುಂಬಿ ಬಂತು. ಹನ್ನೊಂದು ವರ್ಷದಲ್ಲಿ ಆ ಮನೆತನದ ಒಬ್ಬರ ಬಾಯಲ್ಲೂ ಈ ಒಂದು ಮಾತು ಬಂದಿರಲಿಲ್ಲ. ಒಂದು ಹಾಳೆ ಓದಿ ಬಂತಲ್ಲ ಅಂತ ಅವಳ ಎದೆ ಹಗುರಾಯಿತು. ಮೇಷ್ಟ್ರಿಗೆ ಮನುಷ್ಯರು ಗೊತ್ತಾಗುವುದಿಲ್ಲ ಅಂದುಕೊಂಡಳು.

"ಧಾರಾಳವಾಗಿ ನನ್ನ ನಂಬರು ಹಾಕಿ" ಅಂದಳು ನಾದಿನಿ. "ಫೋನ್ ಬರ್ಲಿ, ನಾನು ಹೇಳ್ತೀನಿ."

ಹೋಮು ಊರ ಹೊರಗೆ, ಬಸ್ಸು ತಿರುಗುವ ಕಡೆ ಇತ್ತು. ಮೇಟ್ರನ್ ದಪ್ಪ ಹೆಂಗಸು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಮುಖದಲ್ಲಿ ನಗು ಅನ್ನುವುದು ಇಲ್ಲ. ಹಾಳೆಯನ್ನು ನಿಂತುಕೊಂಡೇ ಓದಿದಳು, ಆಮೇಲೆ ಕುರ್ಚಿ ತೋರಿಸಿ ತಾನೂ ಕೂತಳು.

"ಓದಿರೋದು ಎಷ್ಟು?"

"ಏಳನೇ ಕ್ಲಾಸು."

"ಇರ್ಲಿ. ನಮ್ಮಲ್ಲಿ ಸರ್ಟಿಫಿಕೇಟು ತಂದೋರೆಲ್ಲ ಹಾಸಿಗೆ ವಾಸನೆಗೆ ಮೂರು ದಿನಕ್ಕೆ ಓಡಿ ಹೋಗ್ತಾರೆ. ನಿಮ್ಮ ಹಾಳೇಲಿ ಬರೆದಿರೋದು ಬೇರೆ ಥರ ಇದೆ." ಅಷ್ಟು ಹೇಳಿ ಎದ್ದಳು. "ಬನ್ನಿ, ಇರೋ ಜಾಗ ನೋಡಿ."

ಕೋಣೆ ಚಿಕ್ಕದು. ಒಂದು ಕಬ್ಬಿಣದ ಮಂಚ, ಗೋಡೆಗೆ ಒಂದು ಕಪಾಟು, ಒಂದು ಕಿಟಕಿ. ಕಿಟಕಿಯಾಚೆ ಬಟ್ಟೆ ಒಣಗಿಸುವ ಹಗ್ಗದಲ್ಲಿ ಹಾಸಿಗೆ ಬಟ್ಟೆಗಳು ಸಾಲಾಗಿ ಆಡುತ್ತಿದ್ದವು. ಅತ್ತಿಗೆ ಮಂಚದ ಮೇಲೆ ಕೈ ಇಟ್ಟು ನೋಡಿದಳು. ಅತ್ತೆಯ ಕೂಗು ಕೇಳಿಸಬೇಕು ಅಂತ ಅಷ್ಟು ವರ್ಷ ಬಾಗಿಲ ಹತ್ತಿರ ಚಾಪೆ ಹಾಸಿ ಮಲಗಿದವಳು ಅವಳು. ಇಲ್ಲಿ ಪಾಳಿ ಮುಗಿದ ಮೇಲೆ ಬಾಗಿಲು ಹಾಕಿಕೊಂಡು ಮಲಗಬಹುದು ಅಂದಳು ಮೇಟ್ರನ್. ಕೇಳಿಸಿಕೊಂಡದ್ದು ನಿಜವೋ ಅಂತ ಅತ್ತಿಗೆ ಅವಳ ಮುಖ ನೋಡಿದಳು.

"ಸೋಮವಾರ ಬಟ್ಟೆಬರೆ ತಗೊಂಡು ಬಂದುಬಿಡಿ. ಅದಕ್ಕೆ ಮುಂಚೆ ಈ ನಂಬರಿಗೆ ಒಂದು ಫೋನ್ ಮಾಡ್ತೀನಿ. ಯಾರನ್ನ ತಗೊಂಡ್ರೂ ಮಾಡ್ತೀವಿ."

ಮನೆಗೆ ಬಂದು ಅವಳು ಬಟ್ಟೆ ಮಡಿಸಿಟ್ಟಳು. ಎದುರುಮನೆಯವರಿಗೆ ಹೇಳಿದಳು, ಹಾಲಿನವನಿಗೆ ಇನ್ನು ಹಾಲು ಬೇಡ ಅಂದಳು. ಮೇಷ್ಟ್ರ ಅಂಗಡಿಗೆ ಹೋಗಿ, "ಸಿಕ್ತು ಮೇಷ್ಟ್ರೇ" ಅಂದಳು. ಮೇಷ್ಟ್ರು ಟೈಪ್ ಮಾಡಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ, ಮೊದಲ ಸಂಬಳದಲ್ಲಿ ಒಂದು ಟೀ ಕೊಡಿಸಿ ಅಂದರು.

ಭಾನುವಾರ ಹೋಮಿನ ಕಚೇರಿಯಿಂದ ಒಬ್ಬ ಫೋನ್ ಮಾಡಿ, "ನಾಳೆ ಬರೋದು ಬೇಡಮ್ಮ, ಬೇರೆಯವರನ್ನ ತಗೊಂಡಿದ್ದಾರೆ" ಅಂದ. "ಯಾಕೆ ಸಾರ್?" ಅಂತ ಕೇಳುವಷ್ಟರಲ್ಲಿ ಇಟ್ಟುಬಿಟ್ಟಿದ್ದ. ಮಡಿಸಿಟ್ಟ ಬಟ್ಟೆಯ ಪಕ್ಕದಲ್ಲಿ ಅವಳು ಬಹಳ ಹೊತ್ತು ಕೂತಿದ್ದಳು. ಏಳನೇ ಕ್ಲಾಸು ಅಂದಿದ್ದಕ್ಕೆ ಇರಬೇಕು ಅಂದುಕೊಂಡಳು. ಮಂಚ ಮುಟ್ಟಿ ನೋಡಿದ್ದು ಅತಿಯಾಯಿತೇನೋ ಅಂತಲೂ ಅನಿಸಿತು. ನೋಡಿ, ಇಂಥವರು ತಪ್ಪು ಹುಡುಕುವುದು ತಮ್ಮಲ್ಲೇ.

ಮೇಷ್ಟ್ರು ಮತ್ತೆ ಹಾಳೆ ತೆಗೆದುಕೊಟ್ಟರು. ಎರಡು ನರ್ಸಿಂಗ್ ಹೋಮು, ಮನೆಗೆ ಆಳು ಕಳಿಸುವ ಒಂದು ಏಜೆನ್ಸಿ ಎಲ್ಲ ಸುತ್ತಿದ್ದಾಯಿತು. ಒಂದು ಕಡೆ ವಯಸ್ಸು ಜಾಸ್ತಿ ಅಂದರು, ಇನ್ನೊಂದು ಕಡೆ ತಿಳಿಸ್ತೀವಿ ಅಂದವರು ತಿಳಿಸಲಿಲ್ಲ. ಏಜೆನ್ಸಿಯವನು ಮೊದಲು ಖುಷಿಯಾಗಿ ಮಾತಾಡಿದ, ಪರಿಚಯದವರಿಗೆ ಫೋನ್ ಮಾಡುತ್ತೇನೆ ಅಂತ ಒಳಗೆ ಹೋದವನು ಹೊರಗೆ ಬಂದು ಅವಳ ಮುಖ ನೋಡದೆ ಹಾಳೆ ವಾಪಸ್ಸು ಕೊಟ್ಟ. ಆಗಲಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತಿಂಗಳು ಮುಗಿಯಿತು. ಬಣ್ಣ ಬಳಿಯುವವನು ಏಣಿ ತಂದು ಅಂಗಳದಲ್ಲಿ ನಿಲ್ಲಿಸಿ, "ಯಾವಾಗ ಖಾಲಿ ಮಾಡ್ತೀರಮ್ಮಾ?" ಅಂತ ಕೇಳಿದ.

ಆವತ್ತು ಮಧ್ಯಾಹ್ನವೇ ನಾದಿನಿ ಬಾಡಿಗೆ ಕಾರಿನಲ್ಲಿ ಬಂದಿಳಿದಳು. ಹೊಸಿಲು ದಾಟಿ ಒಳಗೇ ಬಂದಳು. ಈಗ ಮೂಗು ಮುಚ್ಚಿಕೊಳ್ಳುವಂಥದ್ದು ಅಲ್ಲಿ ಏನೂ ಇರಲಿಲ್ಲ.

"ನಾನು ಬದುಕಿರೋವಾಗ ನೀವು ಬೀದಿಪಾಲಾಗೋದಾ ಅತ್ತಿಗೆ? ಯಾರ್ಯಾರ ಹತ್ರಾನೋ ಹೋಗಿ ಕೈ ಚಾಚೋದಾ? ಏಳಿ, ಗಂಟು ಎತ್ಕೊಳ್ಳಿ. ಮನೆಗೆ ಬನ್ನಿ."

"ನಿಮ್ಮಲ್ಲಿ ಎರಡೇ ರೂಮಲ್ವಾ ಪುಟ್ಟೀ?"

"ಮನಸ್ಸಿದ್ರೆ ಜಾಗ ಆಗಲ್ವಾ?"

ಆಯಿತು. ಜಾಗ ಆದದ್ದು ನಾದಿನಿಯ ಗಂಡನ ಮಂಚದ ಪಕ್ಕ ನೆಲದ ಮೇಲೆ. ಅತ್ತಿಗೆಗೆ ಅದರ ಬಗ್ಗೆ ಬೇಸರವಿರಲಿಲ್ಲ, ನಿಜ ಹೇಳಬೇಕೆಂದರೆ ಉಪಕಾರ ಅನಿಸಿತ್ತು. ಮೊದಲ ದಿನವೇ ರೋಗಿಯ ಬೆನ್ನು ನೋಡಿದಳು, ಸೊಂಟದ ಹತ್ತಿರ ಆಗಲೇ ಚರ್ಮ ಸುಲಿದಿತ್ತು. ಅದನ್ನು ತೊಳೆದು ಮುಲಾಮು ಹಾಕಿ ಒಣಗಿಸಿ ಮಾಯಿಸುವ ತನಕ ಅವಳು ನಿದ್ದೆ ಕಂಡಿಲ್ಲ. ಅತ್ತೆ ಒಣಗಿದ ಕಡ್ಡಿಯಂತಿದ್ದಳು, ಇವನು ಎತ್ತಿದರೆ ಸೊಂಟ ಕಳಚುವ ಆಳು. ಅವಳು ಅವನನ್ನು ಅಣ್ಣ ಅನ್ನುತ್ತಿದ್ದಳು, ಸಂಬಂಧದಲ್ಲಿ ಹಾಗೇ ಆಗಬೇಕು. "ಅಣ್ಣ, ಸ್ವಲ್ಪ ಈ ಕಡೆ" ಅಂತ ಹೇಳಿ ಹೊರಳಿಸುತ್ತಿದ್ದಳು. ಅವನಿಗೆ ಮಾತೆಲ್ಲ ಕೇಳಿಸುತ್ತಿತ್ತು, ಅರ್ಥವಾಗುತ್ತಿತ್ತು, ಹೊರಗೆ ಬರುತ್ತಿದ್ದುದು ಒಂದು ಗೊರಗೊರ ಸದ್ದು ಮಾತ್ರ. ನಾದಿನಿ ಅಡುಗೆ ಮಾಡುತ್ತಿದ್ದಳು, ಔಷಧಿ ತರುತ್ತಿದ್ದಳು, ಬಾಗಿಲಿನಲ್ಲಿ ನಿಂತು ನೋಡಿ ಹೋಗುತ್ತಿದ್ದಳು. ಕರ್ಚೀಫು ಮತ್ತೆ ಕೈಗೆ ಬಂದಿತ್ತು.

ಒಂದು ದಿನ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ತಪಾಸಣೆಗೆ ಆಸ್ಪತ್ರೆಗೆ ಹೋಗಿದ್ದಳು. ನಾದಿನಿ ಚೀಟಿ ಮಾಡಿಸುವ ಸಾಲಿನಲ್ಲಿದ್ದಳು. ಅಲ್ಲಿ ಹೋಮಿನ ಮೇಟ್ರನ್ ಸಿಕ್ಕಳು, ಅವಳೂ ಒಬ್ಬ ಮುದುಕನನ್ನು ಕರೆತಂದಿದ್ದಳು. ಅತ್ತಿಗೆ ನಮಸ್ಕಾರ ಅಂದಳು. ಮೇಟ್ರನ್ ಮುಖ ಬಿಗಿದುಕೊಂಡೇ ಗಾಲಿಕುರ್ಚಿಯಲ್ಲಿದ್ದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಗೆದ ಅಂಗಿ, ಕತ್ತರಿಸಿದ ಉಗುರು, ಕುತ್ತಿಗೆಗೆ ಸರಿಯಾಗಿ ಕೊಟ್ಟ ದಿಂಬು.

"ಇವರನ್ನ ನೀವೇ ನೋಡ್ಕೊಳ್ಳೋದಾ?"

"ಹೂಂ."

"ಮನೆಯವರು ಹೇಗೆ ಬಿಟ್ಟಿದ್ದಾರೆ ನಿಮ್ಮ ಕೈಗೆ?"

ಅತ್ತಿಗೆಗೆ ಅರ್ಥವಾಗಲಿಲ್ಲ. ಮೇಟ್ರನ್ ದನಿ ತಗ್ಗಿಸಿದಳು. "ನೋಡಮ್ಮ, ಮನಸ್ಸಲ್ಲಿಟ್ಕೊಂಡು ಆಡೋಳಲ್ಲ ನಾನು. ಆವತ್ತು ನಿಮ್ಮನ್ನ ತಗೋಬೇಕು ಅಂತಾನೇ ಇದ್ದೆ. ಫೋನ್ ಮಾಡಿದ್ರೆ ನಿಮ್ಮ ನಾದಿನೀನೇ ಹೇಳಿದ್ರಲ್ಲ, ಮುದುಕಿ ಮೇಲೆ ಕೈ ಮಾಡ್ತಿದ್ರು, ಮಲಗಿದೋರನ್ನ ಇವರ ಹತ್ರ ಬಿಡಬೇಡಿ ಅಂತ. ಹೆತ್ತ ಮಗಳೇ ಹಾಗಂದ ಮೇಲೆ ನಾನು ಯಾರನ್ನ ನಂಬ್ಲಿ?"

ಅತ್ತಿಗೆ ಇಲ್ಲ ಅನ್ನಲು ಹೋದಳು. ಅಷ್ಟರಲ್ಲಿ ಮುದುಕನ ಹೆಸರು ಕೂಗಿದರು, ಮೇಟ್ರನ್ ಹೊರಟುಹೋದಳು. ಗಾಲಿಕುರ್ಚಿಯ ಹಿಡಿಯನ್ನು ಅತ್ತಿಗೆ ಗಟ್ಟಿಯಾಗಿ ಹಿಡಿದುಕೊಂಡು ನಿಂತಳು. ನಾದಿನಿ ಚೀಟಿ ಹಿಡಿದು ಬಂದು, "ಯಾರು ಅತ್ತಿಗೆ ಅದು?" ಅಂದಳು. ಅತ್ತಿಗೆ ಗಾಲಿಕುರ್ಚಿಯನ್ನು ಡಾಕ್ಟರ ಕೋಣೆಯ ಕಡೆ ತಳ್ಳಿದಳು.

ಮನೆಗೆ ಬಂದು ಅವನನ್ನು ಮಂಚಕ್ಕೆ ಹಾಕಿ, ನಳಿಕೆ ಸರಿಮಾಡಿ, ಕೈ ತೊಳೆದು ಬಂದು ಕೇಳಿದಳು.

"ಪುಟ್ಟೀ, ನಾನು ಅಮ್ಮನ ಮೇಲೆ ಕೈ ಮಾಡ್ತಿದ್ದೆ ಅಂತ ಹೇಳಿದ್ಯಾ?"

ನಾದಿನಿ ಔಷಧಿ ಡಬ್ಬಿ ಜೋಡಿಸುತ್ತಿದ್ದಳು. ಅವಳ ಕೈ ನಿಂತಿತು. ಸುಳ್ಳು ಹೇಳಿದ್ದರೆ ಅತ್ತಿಗೆ ನಂಬಿಬಿಡುತ್ತಿದ್ದಳೋ ಏನೋ. ನಾದಿನಿ ಅದನ್ನೂ ಹೇಳಲಿಲ್ಲ.

"ಇಲ್ಲದ್ದೇನು ಹೇಳ್ದೆ? ನೀವೇ ಹೇಳಿರ್ಲಿಲ್ವಾ ಒಂದ್ಸಲ?"

ಹೌದು, ಹೇಳಿದ್ದಳು. ಒಂದು ದಿನ ಅತ್ತೆ ಮೂಗಿನ ನಳಿಕೆಯನ್ನು ಕಿತ್ತೆಸೆದು ರಕ್ತ ಮಾಡಿಕೊಂಡಿದ್ದಳು. ಅದೇ ದಿನ ಅದು ಎರಡನೇ ಸಲ. ಎಷ್ಟೋ ದಿನ ನಿದ್ದೆಯಿಲ್ಲದ ಅತ್ತಿಗೆ ಆ ಮುದಿ ಕೈಯ ಮೇಲೆ ಫಟ್ಟಂತ ಒಂದು ಕೊಟ್ಟಿದ್ದಳು. ಅತ್ತೆ ಮಗುವಿನ ಹಾಗೆ ಪಿಳಿಪಿಳಿ ನೋಡಿದ್ದಳು. ಆ ನೋಟ ಸಹಿಸಲಾರದೆ, ಯಾರಿಗಾದರೂ ಹೇಳಿಕೊಳ್ಳದಿದ್ದರೆ ಎದೆ ಒಡೆದುಹೋಗುತ್ತದೆ ಅಂತ, ಹಣ್ಣು ಕೊಡಲು ಬಂದ ನಾದಿನಿಯ ಹತ್ತಿರ ಹೇಳಿಕೊಂಡು ಅತ್ತಿದ್ದಳು.

"ಒಂದ್ಸಲ" ಅಂದಳು ಅತ್ತಿಗೆ. "ಹನ್ನೊಂದು ವರ್ಷದಲ್ಲಿ ಒಂದು ಏಟು. ಉಳಿದದ್ದನ್ನೂ ಹೇಳಿದ್ಯಾ ಅವರಿಗೆ?"

"ಉಳಿದದ್ದು ಹೇಳಿದ್ರೆ ನಿಮ್ಮನ್ನ ಕರ್ಕೊಂಡು ಹೋಗ್ಬಿಡ್ತಿದ್ರು!" ಕಿರುಚಿದಳು ನಾದಿನಿ. ಅವಳ ಕಣ್ಣಲ್ಲಿ ನೀರು ಬಂದಿತ್ತು, ಅದು ನಾಟಕದ ನೀರಲ್ಲ. "ನನಗೇನು ಗೊತ್ತಿತ್ತು ಅತ್ತಿಗೆ? ಆವತ್ತು ಆ ಹಾಳೆ ಓದೋವರೆಗೂ ಇವರನ್ನ ಮನೆಗೆ ತಂದು ಮಲಗಿಸಿದ್ರೆ ಆಯ್ತು ಅಂದ್ಕೊಂಡಿದ್ದೆ. ಒಂದೊಂದು ಸಾಲು ಓದ್ದಾಗ್ಲೂ ಇದನ್ನ ನಾನು ಮಾಡ್ಬೇಕಾ, ಇದನ್ನೂ ನಾನು ಮಾಡ್ಬೇಕಾ ಅಂತ ಕೈಕಾಲು ಬಿದ್ದುಹೋಯ್ತು. ನನ್ನ ಕೈಲಿ ಆಗಲ್ಲ. ನಾನು ಅಮ್ಮಂಗೇ ಮಾಡ್ಲಿಲ್ಲ, ನನಗೆ ಹೇಸಿಗೆ ಆಗುತ್ತೆ, ಏನ್ ಮಾಡ್ಲಿ? ಅಷ್ಟು ಚೆನ್ನಾಗಿ ಮಾಡೋಳು ನಮ್ಮ ಮನೇಲೇ ಇದ್ದಾಳಲ್ಲ ಅಂತ ಅನಿಸ್ತು."

"ಕೇಳ್ಬಹುದಿತ್ತಲ್ಲ. ಅವರು ಕೊಡೋ ಸಂಬಳ ನೀನೇ ಕೊಡ್ತೀನಿ ಅಂತ ಕೇಳ್ಬಹುದಿತ್ತು."

ನಾದಿನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಮನೆಯವರಿಗೆ ಯಾರಾದ್ರೂ ಸಂಬಳ ಕೊಡ್ತಾರಾ ಅತ್ತಿಗೆ?"

ಅತ್ತಿಗೆ ಮೇಜಿನ ಮೇಲಿದ್ದ ಫೋನು ತೆಗೆದು ಅವಳ ಕೈಗಿಟ್ಟಳು. "ಈಗ ಮಾಡು. ಆ ಮೇಟ್ರನ್‌ಗೆ ನಿಜ ಹೇಳು. ಅಷ್ಟು ಹೇಳಿಬಿಡು, ನಾನು ನಿನ್ನ ಮೇಲೆ ಏನೂ ಇಟ್ಕೊಳ್ಳಲ್ಲ."

ನಾದಿನಿ ಫೋನನ್ನು ನೋಡಿದಳು, ಮಂಚದ ಮೇಲಿದ್ದ ಗಂಡನನ್ನು ನೋಡಿದಳು. "ಮಾಡಲ್ಲ" ಅಂದಳು. ಮೆಲ್ಲಗೇ ಅಂದಳು.

ಅತ್ತಿಗೆ ಚಾಪೆ ಸುತ್ತಿಟ್ಟಳು. ಗೂಟದಲ್ಲಿದ್ದ ಬಟ್ಟೆಗಳನ್ನು ಚೀಲಕ್ಕೆ ತುರುಕಿದಳು. ಅಷ್ಟು ಸಿಟ್ಟು ಜೀವಮಾನದಲ್ಲಿ ಅವಳಿಗೆ ಬಂದಿರಲಿಲ್ಲ. ಮಂಚದ ಮೇಲಿದ್ದವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎಡಗಣ್ಣಿನಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು, ಗಂಟಲಲ್ಲಿ ಏನೋ ಹೇಳಲು ಹೆಣಗುತ್ತಿದ್ದ. ಅವಳ ಕೆಲಸವನ್ನು ಮೈಯಾರೆ ಬಲ್ಲವನು ಈಗ ಅವನೊಬ್ಬನೇ, ಅವನಿಗೆ ಬ ಅನ್ನಲೂ ಬಾರದು. ಯಾರ ನಂಬರು ಹಾಕುವುದು ಇನ್ನು?

ಚೀಲ ಹಿಡಿದು ಬಾಗಿಲು ತೆಗೆದಳು. ಹೊರಗೆ ಸಂಜೆಯ ಬೀದಿ, ಕೆಲಸ ಮುಗಿಸಿ ಬರುವವರು, ಸೈಕಲ್ಲುಗಳು, ಒಂದು ಅಂಗಡಿಯ ಮುಂದೆ ದೀಪ ಹಾಕುತ್ತಿದ್ದರು. ಎಡಕ್ಕೆ ಹೋದರೆ ಬಸ್ ನಿಲ್ದಾಣ. ಬಸ್ಸು ಹತ್ತಿ ಎಲ್ಲಿ ಇಳಿಯುವುದು? ಅತ್ತೆಯ ಮನೆಗೆ ಬಣ್ಣ ಬಳಿದು ಯಾರೋ ಬಂದು ಕೂತಿದ್ದರು. ಮೇಷ್ಟ್ರಿಗೆ ಅಂಗಡಿಯ ಹಿಂದಿನ ಕೋಣೆಯಲ್ಲೇ ಹೆಂಡತಿ, ಮೂವರು ಹೆಣ್ಣುಮಕ್ಕಳು. ಹೋಮಿನ ಬಾಗಿಲು ಮುಚ್ಚಿತ್ತು, ಏಜೆನ್ಸಿಯದೂ ಮುಚ್ಚಿತ್ತು, ಮುಚ್ಚಿದವಳು ಹಿಂದೆ ನಿಂತು ನೋಡುತ್ತಿದ್ದಳು. ಅವಳು ಒಂದೊಂದೇ ಜಾಗ ನೆನೆದು ನೋಡಿದಳು, ಒಂದೊಂದೇ ಬಿಟ್ಟಳು.

ಹಿಂದಿನಿಂದ ವಾಸನೆ ಬಂತು. ಅವನು ಹಾಸಿಗೆಯಲ್ಲೇ ಮಾಡಿಕೊಂಡಿದ್ದ. ನಾದಿನಿ ಕರ್ಚೀಫು ಮೂಗಿಗೆ ಒತ್ತಿಕೊಂಡು ಗೋಡೆಗೆ ಸರಿದಳು. "ಅತ್ತಿಗೇ..." ಅಂದಳು.

ಅತ್ತಿಗೆ ಚೀಲ ಕೆಳಗಿಟ್ಟಳು.

ಕರುಣಾಮಯಿ, ತ್ಯಾಗಮಯಿ ಅಂತೆಲ್ಲ ಯಾರೂ ಅವಳನ್ನು ಹೊಗಳಬೇಡಿ, ನನಗೆ ಮೈ ಉರಿಯುತ್ತದೆ. ಆ ಹೊತ್ತಿಗೆ ಅವಳ ಮನಸ್ಸಲ್ಲಿ ಕರುಣೆ ಇತ್ತೋ ಇಲ್ಲವೋ ನಾನು ಹೇಳಲಾರೆ. ಹೋಗಲು ಜಾಗ ಇರಲಿಲ್ಲ, ಅಷ್ಟೇ. ಅವಳು ಬಕೆಟ್ಟಿನಲ್ಲಿ ಬಿಸಿನೀರು ತಂದಳು, ಅವನ ಮುಖ ನೋಡದೆ ಪಂಚೆ ಬಿಚ್ಚಿದಳು. ಅವನು ಎಡಗೈಯಿಂದ ಕಣ್ಣು ಮುಚ್ಚಿಕೊಂಡ. "ಅಣ್ಣ, ಈ ಕಡೆ" ಅಂದಳು. ದನಿ ಎಂದಿನ ಹಾಗೇ ಬಂತು, ಅದಕ್ಕೆ ಅವಳಿಗೇ ಅಳು ಬಂತು.

ನಾದಿನಿ ಬಾಗಿಲು ಮುಚ್ಚಿ ಅಗುಳಿ ಹಾಕಿ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳಿಗೆ ಫೋನು ಬಂತು. ಮಗಳು. ದಿನವೂ ಆ ಹೊತ್ತಿಗೆ ಮಾಡುತ್ತಿದ್ದಳು. ಮಧ್ಯದ ಗೋಡೆ ತೆಳು, ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಅಪ್ಪ ಚೆನ್ನಾಗಿದ್ದಾರೆ ಕಣೆ, ನೀನು ತಲೆ ಕೆಡಿಸ್ಕೋಬೇಡ. ನಮ್ಮ ಅತ್ತಿಗೆ ಇದ್ದಾರಲ್ಲ. ಬೆನ್ನಲ್ಲಿದ್ದ ಹುಣ್ಣೇ ಮಾಯಿಸಿಬಿಟ್ಟಿದ್ದಾರೆ, ಡಾಕ್ಟರೇ ಕೇಳಿದ್ರು ಇವತ್ತು, ಯಾರಮ್ಮ ನೋಡ್ಕೊಳ್ಳೋದು ಅಂತ... ಹೂಂ... ಅಜ್ಜಿನ ಹನ್ನೊಂದು ವರ್ಷ ಹೂವಿನ ಹಾಗೆ ನೋಡ್ಕೊಂಡೋರು ಕಣೆ ಅವರು. ಒಂದು ದಿನಕ್ಕೂ ಬೇಜಾರು ಮಾಡ್ಕೊಂಡಿಲ್ಲ, ಒಂದು ಬಿರುಸು ಮಾತಾಡಿಲ್ಲ. ಹತ್ತೂರು ಹುಡುಕಿದ್ರೂ ಅಂಥೋರು ಸಿಗಲ್ಲ. ಯಾರು ಕೇಳಿದ್ರೂ ನಾನು ಇದನ್ನೇ ಹೇಳೋದು."

ಅತ್ತಿಗೆ ಪ್ರತಿ ಮಾತನ್ನೂ ಕೇಳಿಸಿಕೊಂಡಳು. ಬಟ್ಟೆ ಹಿಂಡಿದಳು, ನೀರು ಬದಲಿಸಿದಳು, ಅವನನ್ನು ಇನ್ನೊಂದು ಪಕ್ಕಕ್ಕೆ ಹೊರಳಿಸಿದಳು.